ಎಂಬತ್ತು ಜಡೆಯ ಲೆಕ್ಕ

ಟಾಕೊರಾಡಿಯ ಮಾರ್ಕೆಟ್ ಸರ್ಕಲ್ಲಿನ ಹಿಂದೆ,
ಬ್ಯಾಟರಿ ಅಂಗಡಿಗೂ ಬಾಳೆಕಾಯಿ ಸುಡುವ ಒಲೆಗೂ ನಡುವೆ
ಅರಾಬಾಳ ಸಲೂನು. ಮೂರು ಕುರ್ಚಿ, ಒಂದೂವರೆ ಕನ್ನಡಿ.
ಒಡೆದ ಅರ್ಧಕ್ಕೆಂದು ದುಡ್ಡು ಎತ್ತಿಟ್ಟಾಗೆಲ್ಲ
ಜನರೇಟರು ಕುಡಿದುಬಿಡುತ್ತದೆ.

ಎರಡು ಜಡೆ ಒಂದೆಡೆ ಸೇರವು ಎನ್ನುವ ಗಾದೆ
ದಾರಿ ತಪ್ಪಿ ಇಲ್ಲಿಗೆ ಬಂದರೆ
ಹೊಸಿಲಲ್ಲೇ ನಾಚಿ ನಿಲ್ಲಬೇಕು:
ಒಂದೇ ತಲೆಯ ಮೇಲೆ ಎಂಬತ್ತು ಜಡೆ
ಒಂದನ್ನೊಂದು ತುಳಿಯದೆ ಬೆನ್ನಿಗಿಳಿಯುತ್ತವೆ.
ಜಗಳ ಜಡೆಗಲ್ಲ, ಹೆಣೆದ ಬೆರಳಿಗೆ.

ತಿಂಗಳ ಕೊನೆಯ ರಾತ್ರಿ. ಕರೆಂಟಿಲ್ಲ.
ಮೊಬೈಲಿನ ಬೆಳಕಲ್ಲಿ ಅರಾಬಾ
ನೋಟ್‌ಬುಕ್ಕಿಗೆ ಗೆರೆ ಎಳೆಯುತ್ತಾಳೆ,
ಬೈತಲೆ ತೆಗೆದಷ್ಟು ನೇರ.

ತಿಂಗಳಿಗಿಷ್ಟು ಎಂದು ಸಂಬಳ ಕಟ್ಟಿಬಿಟ್ಟರೆ?
ಮಾನ್ಸಾ ಹೂಂ ಅಂದಾಳು. ಏಳು ತಿಂಗಳ ಬಸುರಿ,
ಕಾಲು ಊದಿದ ದಿನ ಎರಡು ತಲೆಯೇ ಹೆಚ್ಚು.
ಜೀಫಾ ಮಾತ್ರ ಬಾಚಣಿಗೆ ಎತ್ತಿಕೊಂಡು ಹೊರಟೇಬಿಡುತ್ತಾಳೆ.
ಮಳೆಯ ಸೋಮವಾರವೂ ಅವಳ ಕುರ್ಚಿ ತಣ್ಣಗಾಗದು.
ತಲೆಗಿಷ್ಟು ಎಂದರೆ ಉಳಿಯುತ್ತಾಳೆ, ಸರಿ,
ಆದರೆ ಆ ಓಟ ಎಂಥದೆಂದು ಅರಾಬಾಗೆ ಗೊತ್ತು:
ತಾನೇ ಒಮ್ಮೆ, ಬರೀ ಕಮಿಷನ್ನಿಗೆ ದುಡಿವಾಗ,
ಮದುಮಗಳೊಬ್ಬಳ ಹಣೆಯಂಚು ಬೊಕ್ಕಾಗುವಷ್ಟು
ಬಿಗಿದು ಕಳಿಸಿದ್ದಳು, ಮುಂದಿನ ಗಿರಾಕಿಯ ಆಸೆಗೆ.

ಹೋದ ಶುಕ್ರವಾರದ್ದೇ ಇನ್ನೂ ಬಗೆಹರಿದಿಲ್ಲ.
ಬಂದರಿನ ಕಚೇರಿಯ ಹೆಂಗಸು, ಮರುದಿನ ಅಣ್ಣನ ಮಣ್ಣು;
ಮುನ್ನೂರು ಸೆಡಿ ಎಣಿಸಿಟ್ಟು ಕೂತಳು.
ಜೀಫಾ ಎಡಗಿವಿಯಿಂದ ಶುರು ಮಾಡಿದಳು,
ಮೂವತ್ತೊಂದನೆಯ ಜಡೆಗೆ ಹೆಬ್ಬೆರಳು ಸೆಟೆದು ನಿಂತಿತು.
ಉಳಿದದ್ದು ಮಾನ್ಸಾ, ಸ್ಟೂಲಿನ ಮೇಲೆ ಕೂತು.
ಅರ್ಧ ಅಂಗಡಿಗೆ. ಇನ್ನರ್ಧ?
‘ಗಿರಾಕಿ ನನ್ನವಳು.’
‘ಮುಗಿಸಿದ ಕೈ ನನ್ನದು.’
ಅರಾಬಾ ಹಿಂದೆ ನಿಂತು ಜಡೆ ಎಣಿಸಿದಳು,
ಪ್ರಾರ್ಥನೆ ಗುನುಗುವವಳಂತೆ ತುಟಿ ಅಲುಗಿಸುತ್ತ.
ಐವತ್ತೆಂಟು ಅವಳಿಗೆ, ತೊಂಬತ್ತೆರಡು ಇವಳಿಗೆ.

ಲೆಕ್ಕ ಸರಿ.
ಬಾಚಣಿಗೆಗೆ ಮಾತ್ರ ಇನ್ನೂ ಏನೋ ಸಿಕ್ಕು.

ಆರು ಗಂಟೆ ಹೊತ್ತು ಆ ಕುರ್ಚಿಯ ಪಕ್ಕ ನಿಂತು
ಕಟ್ಟಿನಿಂದ ಎಳೆಯೆಳೆಯಾಗಿ ಕೂದಲು ಬಿಡಿಸಿ
ಚಾಚಿದ ಕೈಗೆ ಚಾಚಿದ ಕೂಡಲೇ ಇಟ್ಟವಳು ಎವುರಾಸಿ.
ಹದಿನೇಳು ವಯಸ್ಸು, ಕೆಲಸ ಕಲಿಯಲು ಬಂದವಳು.
ತುದಿಗಳನ್ನು ಕುದಿನೀರಿಗೆ ಅದ್ದುವವಳೂ ಅವಳೇ.
ಎಂಬತ್ತರಲ್ಲಿ ಒಂದೂ ಅವಳ ಜಡೆಯಲ್ಲ,
ಎಂಬತ್ತರಲ್ಲೂ ಅವಳು ಕೊಟ್ಟ ಎಳೆ.
ಪುಸ್ತಕದಲ್ಲಿ ಅವಳ ಹೆಸರಿಲ್ಲ; ಊಟದ ಹದಿನೈದು ಸೆಡಿ ಇದೆ,
‘ಇತರೆ ಖರ್ಚು’ ಕೆಳಗೆ, ಸೋಪಿಗೂ ಪೊರಕೆಗೂ ನಡುವೆ.

ನಾನೂ ಹಾಗೇ ಕಲಿತದ್ದಲ್ಲವೇ, ಎಂದುಕೊಂಡಳು ಅರಾಬಾ.
ಎಂದುಕೊಂಡು, ಪೆನ್ಸಿಲು ಕಚ್ಚಿದಳು ಬಹಳ ಹೊತ್ತು.

ಬೆಳಿಗ್ಗೆ ಕನ್ನಡಿಗೆ ಕಾಗದ ಅಂಟಿತ್ತು.
ಎಲ್ಲರಿಗೂ ಒಂದು ಸಣ್ಣ ಸಂಬಳ, ತಲೆ ಬರಲಿ ಬಿಡಲಿ.
ಅದರ ಮೇಲೆ ಜಡೆ ಎಣಿಸಿ ಪಾಲು.
ಎಳೆ ಕೊಟ್ಟವಳಿಗೆ ನೂರಕ್ಕೆ ಐದು,
ಐದನ್ನು ಉಜ್ಜಿ ಏಳು, ಏಳನ್ನು ಉಜ್ಜಿ ಹತ್ತು.

ಜೀಫಾ ಎರಡು ಸಲ ಓದಿದಳು.
‘ಹತ್ತು ಇರಲಿ ಅಕ್ಕಾ. ನಮ್ಮ ಅರ್ಧದಿಂದಲ್ಲ,
ನಿನ್ನ ಅರ್ಧದಿಂದ.’
‘ಹೆರಿಗೆಯ ತಿಂಗಳು ಯಾವ ಸಾಲಿಗೆ ಬರುತ್ತದೆ?’
ಮಾನ್ಸಾ ಕೇಳಿದ್ದು ಯಾರನ್ನೂ ನೋಡದೆ.
ಎವುರಾಸಿ ಗುಡಿಸಿದ್ದನ್ನೇ ಗುಡಿಸುತ್ತಿದ್ದಳು.

ಅರಾಬಾ ರಬ್ಬರು ಹುಡುಕಿದಳು.
ಕಾಗದ ಆ ಜಾಗದಲ್ಲಿ ಆಗಲೇ ಸವೆದಿತ್ತು;
ಒಂದು ಸಲ ಉಜ್ಜಿದ್ದೇ ತಡ, ತೂತು ಬಿತ್ತು.
ತೂತಿನೊಳಗೆ ಕನ್ನಡಿ,
ಕನ್ನಡಿಯೊಳಗೆ ಅವಳದೇ ಒಂದು ಕಣ್ಣು,
ರಾತ್ರಿಯಿಡೀ ನಿದ್ದೆಗೆಟ್ಟದ್ದು.