ಒಂಟಿಗೊಂಬಿನ ಹೋರಿ

ಮಂಗಳವಾರ ಮಂಡಿಪೇಟೆಯ ನನ್ನ ಅಂಗಡಿಗೆ ರಜೆ.
ಕೊರಳಲ್ಲಿ ಟೇಪು ಹಾಗೇ ಇರುತ್ತದೆ,
ಚೀಲದಲ್ಲಿ ಗುರುತು ಹಾಕುವ ಸುಣ್ಣದ ಬಿಲ್ಲೆ,
ತೆಂಗಿನ ನಾರು, ನೀರಿನ ಬಾಟಲಿ,
ಜಾಕೀಟಿನ ಕಟಿಂಗಿಗೆ ತಂದ ಖಾಕಿ ಕಾಗದದ ಸುರುಳಿ.
ಭರಮಸಾಗರದ ಬಸ್ಸಿನ ಕಂಡಕ್ಟರ್ ಕೇಳುತ್ತಾನೆ,
"ಯಾವ ಊರಾಗ ಮದುವಿ ಅಕ್ಕಾ, ಅಳತಿಗೆ ಹೊಂಟೀರಾ?"
ಹೌದು ಅನ್ನುತ್ತೇನೆ.
ಸತ್ತವರ ಅಳತೆ ಅಂದರೆ
ಟಿಕೆಟ್ಟು ಹರಿಯುವ ಕೈ ಅಲ್ಲೇ ನಿಂತೀತು.

ಹೀಗೆ ಆರು ವರ್ಷ.
ಪಾಚಿ ಉಜ್ಜಿ, ಕಲ್ಲೊಣಗಲು ಕಾದು,
ಕಾಗದ ಹಾಸಿ ಬಿಲ್ಲೆ ಎಳೆದರೆ
ಸುತ್ತಲೂ ಬೆಳ್ಳಗಾಗಿ ನಡುವೆ ಅಕ್ಷರ ಏಳುತ್ತದೆ.
ಒಂದೇ ಹಾಳೆಯಲ್ಲಿ
ಮುತ್ತಜ್ಜ ಗುರುಬಸಪ್ಪ ಲಿಂಗೈಕ್ಯನಾದ ತಿಥಿ,
ಪಕ್ಕದಲ್ಲೇ ಗೌಡರ ಸೊಸೆಯ ಕಂಕುಳ ಸುತ್ತು ಹದಿನೇಳು.
"ಬದುಕಿರೋರ ಜಾಕೀಟು ಹದಿನೈದು ದಿನದಿಂದ ಬಾಕಿ ಐತಿ,"
ನಾದಿನಿ ಗೊಣಗುತ್ತಾಳೆ. ನಿಜವೇ.

ನಮ್ಮ ವಂಶ ಹೇಳುವವನು ಹೆಳವರ ತಿಪ್ಪೇಶಪ್ಪ,
ಎತ್ತಿನ ಮೇಲೆ ಬರುತ್ತಿದ್ದವರ ಪೈಕಿ.
ಈಗ ಮೊಪೆಡ್ಡಿನಲ್ಲಿ, ಪುಸ್ತಕಕ್ಕೆ ಯೂರಿಯಾ ಚೀಲದ ಹೊದಿಕೆ.
ಅಂಗಡಿಯ ಮೆಟ್ಟಿಲ ಮೇಲೆ ಕೂತು ಹೇಳುತ್ತಾನೆ:
ಕೆಂಚವೀರಪ್ಪ, ಅವನ ಮಡದಿ ಸಿದ್ಲಿಂಗವ್ವ,
ಆಮೇಲೆ
ಒಂದುಸಿರು ಜಾಸ್ತಿ ಎಳೆದುಕೊಂಡು
ಗುರುಬಸಪ್ಪ.
ಅವನ ಅಪ್ಪನೂ ಅಲ್ಲೇ ಎಳೆದುಕೊಳ್ಳುತ್ತಿದ್ದ.
ಹೊಲಿಗೆ ತಪ್ಪಿದ ಜಾಗ ನನ್ನ ಕಣ್ಣಿಗೆ ಬೇಗ ಬೀಳುತ್ತದೆ.
ಈ ಸಲ ಕೇಳಿಯೇಬಿಟ್ಟೆ.

ಪುಸ್ತಕ ಮುಚ್ಚಿದ. ಚಾ ಮುಗಿಸಿದ.
"ನಿಮ್ಮ ಗುರುಬಸಪ್ಪ ನಮ್ಮ ಹಿರಿಯಗ ಒಂದು ಹೋರಿ ಕೊಟ್ಟಿದ್ದ.
ಒಂಟಿಗೊಂಬಿನದು. ಆ ಸಾಲು ಓದಬ್ಯಾಡ ಅಂತ.
ಹದಿನಾರು ವರ್ಷ ಹೊತ್ತು ತಿರುಗಿತು ನಮ್ಮ ಮಂದೀನ.
ಅದರ ಬೆನ್ನಿನ ಋಣ ಐತಿ ತಂಗಿ."
ಹೋರಿಗೆ ಈಗ ಏನು ರೇಟು ಅಂದೆ.
ನಕ್ಕ. ಮೊಪೆಡ್ಡು ಒದ್ದ, ಹತ್ತಲಿಲ್ಲ, ಮತ್ತೆ ಒದ್ದ.
"ಸೂಜಿಕಲ್ಲು ಗುಡ್ಡದ ಬುಡಕ್ಕ ಹೋಗಿ ನೋಡು.
ಕಲ್ಲಿಗೆ ಯಾರೂ ಹೋರಿ ಕೊಟ್ಟಿಲ್ಲ."

ಗುಡ್ಡದ ನೆತ್ತಿಯಲ್ಲಿ ಗಾಳಿಯ ದೊಡ್ಡ ಫ್ಯಾನುಗಳು.
ಅವುಗಳ ನೆರಳು ಬಂದು ಬಂದು ಹೋಗುವ ಕಡೆ,
ಬಂದರಿಕೆ ಗಿಡಗಳ ನಡುವೆ,
ಮೊಣಕಾಲೆತ್ತರದ ಒಂದು ಪೌಳಿ.
ಒಳಗೆ ಚೌಕದ ಎರಡು ಕಟ್ಟೆ, ಕೂತವರ ಗದ್ದಿಗೆ;
ಕೆಂಚವೀರಪ್ಪ, ಸಿದ್ಲಿಂಗವ್ವ, ಅಂಗೈಯಲ್ಲಿ ಲಿಂಗ ಹಿಡಿದು ಕೂತೇ ಇದ್ದಾರೆ.
ಅವರ ಪಕ್ಕ, ಅದೇ ಪೌಳಿಯ ಒಳಗೆ,
ತೆಂಕು ಬಡಗು ಉದ್ದಕ್ಕೆ ಚಾಚಿದ ಮೂರನೆಯದು,
ಮಲಗಿದವರದು.
ತಲೆಯ ಕಡೆ ದೀಪದ ಗೂಡು, ಹಳೆಯ ಮಸಿ.
ಅಕ್ಷರವಿಲ್ಲ.
ಕಾಗದ ಹಾಸಿ ಬಿಲ್ಲೆ ಎಳೆದೆ.
ಬಿಲ್ಲೊಂದು ಎದ್ದಿತು.
ಬಾಣವಿಲ್ಲ, ಪಕ್ಕದಲ್ಲಿ ಗಿಡ್ಡ ಕೊಡತಿ:
ಹತ್ತಿ ಹಿಂಜುವ ಬಿಲ್ಲು.

ಹಾಸಿಗೆ ಹಿಂಜಿಸುವ ದಿನ ನಮ್ಮಜ್ಜಿ
ಪಿಂಜಾರರಿಗೆ ಬಡಿಸಿದ ಮೇಲೆಯೇ ಮನೆಮಂದಿಗೆ ಬಡಿಸುತ್ತಿದ್ದಳು.
ಯಾಕೆ ಅಂದರೆ, ನಮ್ಮತ್ತೆ ಹಾಗೇ ಮಾಡುತ್ತಿದ್ದಳು ಅನ್ನುತ್ತಿದ್ದಳು.
ಅತ್ತೆಗೂ ಗೊತ್ತಿತ್ತೋ ಇಲ್ಲವೋ.

ಟೇಪಿನ ಆ ತುದಿ ಹಿಡಿಯಲು ಯಾರಿರಲಿಲ್ಲ, ಕಲ್ಲು ಹೇರಿದೆ.
ಅರವತ್ತು ಇಂಚು ಮುಗಿದ ಮೇಲೂ
ನಾಲ್ಕು ಬೆರಳು ಉಳಿಯಿತು ಹಾಸುಗಲ್ಲು.
ಹೆತ್ತವಳೋ, ಹಾಲು ಕೊಟ್ಟವಳೋ,
ಪ್ಲೇಗಿನ ಗುಡಿಸಲಿನಿಂದ ಎತ್ತಿ ತಂದವನೋ.
ಕೇಳಲು ಬಾಯಿ ಬರಲಿಲ್ಲ.
ತಂದದ್ದು ಎರಡೇ ಊದುಬತ್ತಿ;
ಮುರಿದು ಮೂರು ಮಾಡಲು ಹೋಗಿ
ಒಂದು ಪುಡಿಯಾಯಿತು.
ಉಳಿದದ್ದನ್ನು ಗೂಡಿನಲ್ಲಿ ಇಟ್ಟೆ.
ಕೂತವರು ಹಿರಿಯರು, ಬೇಜಾರಾಗಲಾರರು.

ಆ ಹಾಳೆ ಈಗ ಅಂಗಡಿಯ ಗೋಡೆಯಲ್ಲಿದೆ.
ಹೊಸ ಡಿಸೈನೇ ಅಕ್ಕಾ, ಕೇಳಿದಳೊಬ್ಬ ಹುಡುಗಿ.
ಹಳೇದು ಅಂದೆ.

ಸುಗ್ಗಿ ಮುಗಿದ ಮೇಲೆ ತಿಪ್ಪೇಶಪ್ಪ ಮತ್ತೆ ಬಂದ.
ಗೋಡೆ ನೋಡಿದ, ನನ್ನನ್ನು ನೋಡಲಿಲ್ಲ.
ಮೆಟ್ಟಿಲ ಮೇಲೆ ಕೂತು ಪುಸ್ತಕ ಬಿಚ್ಚಿದ.
ಗಡುವು ದಾಟಿದ ಜಾಕೀಟು, ಮಿಷನ್ ತುಳಿಯುತ್ತಲೇ ಕೇಳಿದೆ.
ಕೆಂಚವೀರಪ್ಪ, ಅವನ ಮಡದಿ ಸಿದ್ಲಿಂಗವ್ವ,
ಆಮೇಲೆ
ಅವನು ಉಸಿರೆಳೆದುಕೊಂಡ.
ನಾನು ಕಾಲು ನಿಲ್ಲಿಸಿದೆ.