ಫರಸಿ ಮ್ಯಾಗಿನ ಬಾಟ್ಲಿ

ಶಹಾಬಾದಿಗಿ ಕಲ್ಲು ಖರೀದಿಗಿ ಬಂದ ಫ್ರಾನ್ಸಿನಾವ
ಒಂಬತ್ತು ದಿನ ನನ್ನ ಖಾನಾವಳ್ಯಾಗ ಉಂಡ.
ಹೆಸರು ಎತಿಯೆನ್. ನಮ್ಮ ಬಾಯಾಗ ಎತ್ತೇನ ಸಾಹೇಬ.
ಹೋಗೋ ದಿನ ರೊಕ್ಕದ ಜೋಡಿ ಒಂದು ಬಾಟ್ಲಿ ಇಟ್ಟ:
ಹಸುರು ಗಾಜು, ಒಳಗ ಒಣಗಿದ ಕಣಕಿ ಬಣ್ಣದ ನೀರು.
'ಬಿಳೀ ವೈನ್ರಿ' ಅಂದ ಅವನ ಸಂಗಾಟಿದ್ದ ಹುಡುಗ,
'ದಿನದ ಊಟದಾಗ ಯಾವುದಕ್ಕ ಕೂಡ್ತದ
ನೀವೇ ನೋಡಿ ಹೇಳ್ಬೇಕಂತ.'

ಇಪ್ಪತ್ತೆರಡು ವರ್ಷ ಮಂದಿ ತಾಟಿನ್ಯಾಗ
ಯಾವುದರ ಬಾಜೂ ಯಾವುದು ಅಂತ ಇಟ್ಟಾಕಿ ನಾ.
ಝುಣಕಕ್ಕ ಗುದ್ದಿದ ಉಳ್ಳಾಗಡ್ಡಿ,
ಖಾರಬ್ಯಾಳಿಗಿ ತುಪ್ಪ,
ಉದ್ರಿ ಗಿರಾಕಿಗಿ ಮಜ್ಜಿಗಿ.
ದ್ರಾಕ್ಷಿ ನೀರಿಗಿ ಅಂಜ್ತೀನೇನು?
ಲಟ್ಟಣಗಿ ತುದೀಲೆ ಬೂಚು ಒಳಗೇ ದೂಡಿದೆ.

ಮೊದಲ್ನೇ ರಾತ್ರಿ ಪುಂಡಿಪಲ್ಯ.
ಹುಳಿಗಿ ಹುಳಿ, ಸವತೇರಿಬ್ಬರು ಒಂದೇ ಒಲಿ ಮುಂದ ಕುಂತಂಗ.
ಅವರು ಸೋಲಲಿಲ್ಲ, ನನ್ನ ಹಲ್ಲು ಸೋತ್ವು.

ಮರುದಿನ ಮಿರ್ಚಿ ಭಜಿ.
ಖಾರ ಆ ನೀರಿನ ಹೆಗಲೇರಿ ಕಿವಿ ತನಕ ಹೋತು.
ಕಣ್ಣೊರಸಿಕೊಂಡು ಬಾಟ್ಲಿಗೇ ಬೈದೆ, ಮೆಣಸಿನಕಾಯಿಗಲ್ಲ,
ಮನೀ ಹುಡುಗನ ತಪ್ಪಿಗಿ ಬೀಗರ್ನ ಬೈದಂಗ.

ಶೇಂಗಾ ಹಿಂಡಿಗಿ ಜರಾ ತಲಿ ಬಾಗಿಸ್ತು.
ಖಾರಬ್ಯಾಳಿ ಮುಂದ ಮಾತೇ ಆಡಲಿಲ್ಲ.
ಕಾಗಿಣಾ ಹೊಳಿ ಮೀನು, ರವಾ ಹಚ್ಚಿ ಕರದದ್ದು,
ಕೂಡ್ತು. ಖರೇ ಕೂಡ್ತು. ಲಿಂಬಿ ಹಿಂಡೂದೇ ಮರತೆ.
ಆದ್ರ ಮೀನು ಸಿಕ್ಕ ದಿನ ಹಬ್ಬ,
ಸಾಹೇಬ ಕೇಳಿದ್ದು ದಿನದ ತಾಟು.

ಬಾಜೂಮನಿ ರಹಮತಬೀ ಕುಡಿಯಾಕಿ ಅಲ್ಲ.
ತಹರಿ ಡೇಗಿ ಇಳಿಸಿ ಬಂದು,
ಬಾಟ್ಲಿ ಬಾಯಿಗಿ ಮೂಗು ಅಷ್ಟೇ ಕೊಟ್ಟಳು.
'ಮಾವಿನಕಾಯಿ ಸಿಪ್ಪಿ' ಅಂದಳು.
'ಮತ್ತ... ತಡಿ...
ಕಲ್ಲು ಕೊಯ್ಯೂ ಮಶೀನಿಗಿ ನೀರು ಬಿಟ್ಟಾಗ ಏಳ್ತದಲ್ಲ, ಅದು.
ನಮ್ಮವರ ಅಂಗೀಗಿ ಇದೇ ವಾಸನಿ ಇತ್ತು.'
ಇನ್ನೊಮ್ಮಿ ಮೂಸಿದಳು.
ತಹರಿ ಹತ್ತೀತು ಅಂತ ಎದ್ದು ಹೋದಳು.

ಆಮ್ಯಾಲ ನಾ ಬರೇ ಒಂದು ಗುಟುಕು, ಬಾಯಿಗಿ ಏನೂ ಇಲ್ಲದ.
ನಾಲಿಗಿ ತುದಿಗಿ ಬಳಪ!
ಎರಡನೇತ್ತದಾಗ ಪಾಟಿ ಮ್ಯಾಗ ಬರಿಯೂದು ಬಿಟ್ಟು ತಿಂದದ್ದಕ್ಕ
ಅಕ್ಕೋರು ಕಿವಿ ಹಿಂಡಿದ ಬಳಪ.
ಹೊಟ್ಟ್ಯಾಗ ದೊಡ್ಡಾಕಿ ಇದ್ದಾಗ
ಅತ್ತಿ ಕಣ್ಣು ತಪ್ಪಿಸಿ ಕಡದ ಬಳಪ.

ಆಗ ನೆನಪಾತು, ಆ ಹುಡುಗ ಹೇಳ್ತಿದ್ದ,
ಸಾಹೇಬನ ಊರಾಗೂ ನೆಲ ಸುಣ್ಣಗಲ್ಲೇ ಅಂತ,
ಬಳ್ಳಿ ಬೇರು ಆ ಕಲ್ಲಿನ ಸಂದ್ಯಾಗೇ ಇಳಿತಾವಂತ.
ನಾ ಒಗ್ಗರಣಿ ಹಾಕ್ತಿದ್ದೆ. ಸಾಸಿವಿ ಸಿಡಿತಿತ್ತು.
ಅರ್ಧ ಕೇಳಿದ್ದಿಲ್ಲ.

ಕಡೀ ಗುಟುಕಿಗಿ ತಂಗಳ ರೊಟ್ಟಿ ತಗೊಂಡೆ,
ಕಪ್ಪು ಚುಕ್ಕಿ ಬಿದ್ದದ್ದು, ಮ್ಯಾಗ ಗಟ್ಟಿ ಮೊಸರು.
ಗಿರಾಕಿ ಎಲ್ಲ ಹೋಗಿದ್ರು.
ಬರೇ ಫರಸಿ ಮ್ಯಾಗ ಕುಂತೆ, ಚಾಪಿ ಹಾಸಲಿಲ್ಲ.
ಕೆಳಗ ಕಲ್ಲು ತಣ್ಣಗ, ಬಾಯಾಗ ಕಲ್ಲು ತಣ್ಣಗ,
ನಡುವ ರೊಟ್ಟಿ ಕಟಂ ಅಂತು.
ಇದು ಕೂಡ್ತದ ಅಂತ ಯಾರಿಗಿ ಹೇಳ್ಲಿ?

ಈಗ ಆ ಬಾಟ್ಲ್ಯಾಗ ಕುಸುಬಿ ಎಣ್ಣಿ.
ಒಳಗ ಬಿದ್ದ ಬೂಚು ಎಣ್ಣಿ ಮ್ಯಾಗ ತೇಲ್ತದ.
'ಅದೇನವ್ವಾ?' ಅಂತಾರ ಗಿರಾಕಿ.
'ಬೀಗರು ಬಂದಿದ್ರು,' ಅಂತೀನಿ,
'ಒಬ್ಬಾವ ಇಲ್ಲೇ ಉಳದಾನ.'