ಮುಚ್ಚಿ, ಆಮೇಲೆ ಗೀರಿ

ಮನಾಮದ ಹಳೇ ಸೂಕಿನ ಹಿಂದೆ, ಚಿನ್ನದಂಗಡಿಗಳು ಮುಗಿದು
ನೀರುಳ್ಳಿ ಚೀಲಗಳು ಶುರುವಾಗುವಲ್ಲಿ ನಮ್ಮ ಲಾಂಡ್ರಿ.
ನನಗೆ ಕಾಲರು, ತೋಳು. ಹಮ್ಮಬ್ಬಾಕನಿಗೆ ಜೇಬು.
ನೀರಿಗೆ ಹಾಕುವ ಮೊದಲು ಜೇಬು ನೋಡುವುದು,
ಇಪ್ಪತ್ತೊಂಬತ್ತು ವರ್ಷದಿಂದ.

ದಿನಾರು ಸಿಕ್ಕರೆ ಲಕೋಟೆಗೆ, ಹೆಸರು ಬರೆದು ಗಲ್ಲಕ್ಕೆ.
ಉಂಗುರ ಸಿಕ್ಕಿದ್ದು ಎರಡು ಸಲ. ಒಮ್ಮೆ, ಹಲ್ಲು.
ಎಲ್ಲದಕ್ಕೂ ವಾರಸುದಾರರು ಉಂಟು.
ಕಡ್ಡಿಪುಸ್ತಕ ಮಾತ್ರ
ಯಾರೂ ಕೇಳಿಕೊಂಡು ಬಂದದ್ದಿಲ್ಲ.

ಕಡ್ಡಿಪುಸ್ತಕ ಎಂದು ಹೆಸರಿಟ್ಟದ್ದು ಅವರೇ.
ಪುಸ್ತಕವಲ್ಲದೆ ಮತ್ತೆಂಥದು ಮಾರಾಯ? ರಟ್ಟು ಉಂಟು, ಪಿನ್ನು ಉಂಟು,
ಒಳಗೆ ಎರಡು ಸಾಲು, ಸಾಲಿಗೆ ಹತ್ತು ಕೆಂಪು ತಲೆ.
ಎರಡನೇ ಕ್ಲಾಸಿಗೆ ಶಾಲೆ ಬಿಟ್ಟವರು
ಇಂಗ್ಲಿಷು ಕೂಡಿಸಿ ಓದಿದ್ದು ಇದರಲ್ಲೇ:
ಬೆಳ್ಳಿಮೀನು ಬಾರ್, ಗುರುವಾರ ಪಿಯಾನೋ.
ಖೋರ್ ಟೈರ್ಸ್, ಪಂಚರಿಗೆ ಹಗಲಿಲ್ಲ ರಾತ್ರಿಯಿಲ್ಲ.
ಹೋಟೆಲ್ ಲೂಲು ಮಹಲ್, ಕಿಟಕಿಗೇ ಕಡಲು.
(ಆ ಕಿಟಕಿಯಿಂದ ಕಡಲಿಗೆ ಈಗ ಟ್ಯಾಕ್ಸಿ ಬೇಕು.
ಮಣ್ಣು ತುಂಬಿ ತುಂಬಿ ದೂರ ತಳ್ಳಿದ್ದಾರೆ.)
ಒಂದರ ಒಳರಟ್ಟಿನಲ್ಲಿ ಬಾಲ್‌ಪೆನ್ನಿನ ಫೋನ್ ನಂಬರು,
ಆರೇ ಅಂಕಿಯ ಕಾಲದ್ದು,
ಕೆಳಗೆ: ಒಂಬತ್ತರ ಮೇಲೆ ಬೇಡ.

ಜಾಸಿಮ್ ಮೇಷ್ಟ್ರು ನಿಲುವಂಗಿ ಇಸ್ತ್ರಿಗೆ ಕೊಡುವ ನೆಪದಲ್ಲಿ
ನೋಡಲು ಬರುತ್ತಿದ್ದರು. ಅವರ ಮನೆಯಲ್ಲಿ ಹನ್ನೊಂದು ಆಲ್ಬಮ್ಮು.
ಕಿಬ್ರೀತ್ ಅಂದರೆ ಗಂಧಕ, ನಮ್ಮ ಬಾಯಲ್ಲಿ ಚಬ್ರೀತ್, ಎನ್ನುತ್ತ
ಅಜ್ಜನ ಮುತ್ತಿನ ದೋಣಿಗೆ ಹತ್ತುತ್ತಿದ್ದರು:
ಸ್ವೀಡನ್ನಿನ ಒಂದೇ ಪೆಟ್ಟಿಗೆ, ಮೇಣದ ಬಟ್ಟೆಯಲ್ಲಿ ಸುತ್ತಿ
ಅಡುಗೆಯವನ ಸೊಂಟದಲ್ಲಿ. ಅದು ನೆನೆದರೆ
ನಾಲ್ಕು ತಿಂಗಳು ಖರ್ಜೂರವೇ ಗತಿ.
ಇನ್ನೂ ಹಿಂದೆ, ಬಿಳಿ ರಂಜಕದ ಕಾಲದಲ್ಲಿ
ಕಡ್ಡಿ ಅದ್ದುವ ಹುಡುಗಿಯರ ದವಡೆ ಕೊಳೆಯುತ್ತಿತ್ತಂತೆ.
ಹಮ್ಮಬ್ಬಾಕ ಆಗ ತಮ್ಮ ದವಡೆ ಮುಟ್ಟಿ ನೋಡಿಕೊಂಡರು.
ಗೀರುಪಟ್ಟಿ ಮೊದಲು ಮುಂದೆಯೇ ಇತ್ತು, ಬೆರಳುಗಳು ಸುಟ್ಟವು,
ಹಿಂದಕ್ಕೆ ಹೋಯಿತು.
ಮುಚ್ಚಿ, ಆಮೇಲೆ ಗೀರಿ ಎಂಬ ಮಾತು
ಮುಂದೆಯೇ ಉಳಿಯಿತು.

ಆದರೆ ಸಂಗ್ರಹ ಹೀಗಲ್ಲ, ಎಂದರು ಮೇಷ್ಟ್ರು.
ಕಡ್ಡಿ ಕಿತ್ತು, ಪಿನ್ನು ತೆಗೆದು, ಚಪ್ಪಟೆ ಮಾಡಬೇಕು.
ಹಮ್ಮಬ್ಬಾಕ ನಕ್ಕರು:
ತಲೆ ತೆಗೆದರೆ ಯಾವ ಮೀನೆಂದು ಹೇಗೆ ಹೇಳುವುದು?

ಅರವತ್ತಾಯಿತು. ವೀಸಾ ಮುಗಿಯಿತು.
ವಿಮಾನದಲ್ಲಿ ಒಂದು ಕಡ್ಡಿಯೂ ಬಿಡುವುದಿಲ್ಲವಂತೆ.

ಕೊನೆಯ ರಾತ್ರಿ ಲಾಂಡ್ರಿಯಲ್ಲಿ ಕುಳಿತೆವು, ಆರುನೂರ ಹನ್ನೆರಡು.
ನಾನು ಪಿನ್ನು ಬಿಚ್ಚುವುದು. ಅವರು ಇಸ್ತ್ರಿ,
ರೇಷ್ಮೆಯ ಬಿಸಿಗಿಂತ ಒಂದು ಗೆರೆ ಕಡಿಮೆ ಇಟ್ಟು,
ಮೇಲೊಂದು ಒದ್ದೆ ಕರ್ಚೀಫು ಹಾಸಿ.
ಕಿತ್ತ ಕಡ್ಡಿಗಳು ನೀಲಿ ಬಕೆಟ್ಟಿನ ನೀರಿಗೆ.
ಪ್ರತಿಯೊಂದರಿಂದ ಒಂದನ್ನು ಮೊದಲು ಗೀರಿ ನೋಡುವ, ಎಂದರು,
ಇಷ್ಟು ವರ್ಷ ಕೂತವಲ್ಲ.

ಲೂಲು ಮಹಲ್: ಪುಡಿ.
ಬೆಳ್ಳಿಮೀನು: ಮೆತ್ತಗೆ, ಬಳಪದ ಹಾಗೆ.
ಆರಂಕಿಯ ನಂಬರಿನವಳದು, ನಂಬರಿನವನದೋ, ಅದೂ ಇಲ್ಲ.
ಊರಿಡೀ ಎಸಿ ಹಾಕಿಕೊಂಡರೂ
ಕಡಲಿನ ಥಂಡಿ ಒಂದೊಂದನ್ನೂ ತಲುಪಿತ್ತು.

ನಾನೂರರ ಆಚೆ, ನಾನು ತೂಕಡಿಸುವಾಗ,
ಖೋರ್ ಟೈರ್ಸ್ ಹತ್ತಿತು!

ಅವರ ಮುಖದಲ್ಲಿ ಮೂಗು, ಗಡ್ಡ, ಕನ್ನಡಕದ ದಾರ
ಎಲ್ಲ ಹಳದಿ. ಮಾತಾಡಲಿಲ್ಲ.
ಇಸ್ತ್ರಿಯವನ ಬೆರಳಿಗೆ ಬಿಸಿ ತಡವಾಗಿ ತಿಳಿಯುತ್ತದೆ,
ಉರಿ ಬುಡಕ್ಕೆ ಬಂದು
ತಾನಾಗಿ ಆರುವವರೆಗೂ ಹಿಡಿದೇ ಇದ್ದರು.
ಆಮೇಲೆ ರಟ್ಟು ಮುಚ್ಚಿ
ಅದೊಂದನ್ನು ಮಾತ್ರ, ಹತ್ತೊಂಬತ್ತು ಕಡ್ಡಿಯ ಸಮೇತ,
ನನ್ನ ಅಂಗಿಯ ಜೇಬಿಗೆ ಹಾಕಿದರು.

ಈಗ ಜೇಬು ನನ್ನ ಕೆಲಸ.
ಲೈಟರು ಸಿಗುತ್ತವೆ, ಮೇಲೆ ಏನೂ ಬರೆದಿರುವುದಿಲ್ಲ.
ಸಾವಿರ ಜನರ ಜೇಬು ನೋಡಿದೆ, ಆ ವಾರ
ನನ್ನದನ್ನು ನೋಡಲು ಮರೆತೆ.

ಬಿಳಿ ಅಂಗಿ. ಎಡಗಡೆ, ಜೇಬಿನಷ್ಟೇ ಅಗಲಕ್ಕೆ, ಕೆಂಪು.
ನಿಂಬೆ ಹಾಕಿದೆ, ಬ್ಲೀಚು ಹಾಕಿದೆ.
ನಮ್ಮಲ್ಲಿ ಹೋಗದ ಕಲೆ ಇಲ್ಲ ಎಂದು
ಅಂಗಡಿಯ ಬೋರ್ಡಿನಲ್ಲಿ ಬರೆದಿದೆ.